ಹದಿನಾರರ ಮಗಳಿಗೆ ಅಮೆರಿಕದ ಸಂಸ್ಥೆಯಿಂದ ಕೆಲಸ: ಕರಾರು, ಖಾತೆ, ತೆರಿಗೆ ಯಾರ ಹೆಸರಿನಲ್ಲಿರಬೇಕು?

ಪ್ರಶ್ನೆ: ಶಿಡ್ಲಘಟ್ಟದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ನಮ್ಮ ಯಜಮಾನರು ಹಿಪ್ಪುನೇರಳೆ ತೋಟ ಮತ್ತು ರೇಷ್ಮೆಹುಳು ಸಾಕಣೆ ನೋಡಿಕೊಳ್ಳುತ್ತಾರೆ. ಮಗಳಿಗೆ ಹದಿನಾರು ತುಂಬಿದೆ, ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಚಿಕ್ಕಂದಿನಿಂದ ಚಿತ್ರ ಬರೆಯುತ್ತಿದ್ದ ಅವಳು ಕಂಪ್ಯೂಟರಿನಲ್ಲಿ ಬರೆಯುವುದನ್ನು ತಾನೇ ಕಲಿತು, ಬರೆದದ್ದನ್ನು ಅಂತರ್ಜಾಲದಲ್ಲಿ ಹಾಕುತ್ತಿದ್ದಳು. ಅದನ್ನು ನೋಡಿದ ಅಮೆರಿಕದ ಒಂದು ಸಣ್ಣ ಸಂಸ್ಥೆ, ತಾನು ತಯಾರಿಸುವ ಮೊಬೈಲ್ ಆಟಗಳಿಗೆ ಹಿನ್ನೆಲೆಯ ಮನೆ, ಮರ, ಬೀದಿಗಳ ಚಿತ್ರಗಳನ್ನು ಬರೆದುಕೊಡುವಂತೆ ಕೇಳಿದೆ. ತಿಂಗಳಿಗೆ 400 ಡಾಲರ್ ಕೊಡುವುದಾಗಿ ಹೇಳಿದ್ದಾರೆ. ನೌಕರಳಾಗಿ ಅಲ್ಲ, ಸ್ವತಂತ್ರ ಗುತ್ತಿಗೆಯ ಮೇಲೆ.

ಅವರು ಒಂದು ಕರಾರು ಪತ್ರ, ಡಬ್ಲ್ಯು-8ಬಿಇಎನ್ ಎಂಬ ಅಮೆರಿಕದ ತೆರಿಗೆ ನಮೂನೆ ಮತ್ತು ಬ್ಯಾಂಕ್ ಖಾತೆಯ ವಿವರ ಕೇಳುವ ಅರ್ಜಿ, ಈ ಮೂರನ್ನೂ ಕಳುಹಿಸಿದ್ದಾರೆ. ಮಗಳಿಗೆ ಹದಿನೆಂಟು ತುಂಬಿಲ್ಲವೆಂದು ತಿಳಿಸಿದಾಗ, ತಂದೆ ಅಥವಾ ತಾಯಿಯ ಹೆಸರು ಕೊಟ್ಟರೂ ಆಗುತ್ತದೆ ಎಂದು ಉತ್ತರ ಬಂತು. ಇಲ್ಲಿಯವರೆಗೆ ನಾವು ಯಾವುದಕ್ಕೂ ಸಹಿ ಮಾಡಿಲ್ಲ.

ನನ್ನನ್ನು ಕಾಡುತ್ತಿರುವುದು ಇಷ್ಟು. ಹದಿನಾರರ ಹುಡುಗಿ ಹೀಗೆ ದುಡಿಯಲು ನಮ್ಮ ಕಾನೂನು ಒಪ್ಪುತ್ತದೆಯೇ? ಅವಳ ಪರವಾಗಿ ನಾನು ಸಹಿ ಮಾಡಿದರೆ ಅದಕ್ಕೆ ಬೆಲೆ ಇದೆಯೇ, ಅಥವಾ ತಂದೆಯೇ ಮಾಡಬೇಕೇ? ನನ್ನ ಸಂಬಳದ ಖಾತೆಗೆ ಡಾಲರ್ ಬಂದರೆ ಅದು ನನ್ನ ಆದಾಯವೆಂದು ಲೆಕ್ಕವಾಗುತ್ತದೆಯೇ? ಅಪ್ರಾಪ್ತರ ಸಂಪಾದನೆಗೆ ತೆರಿಗೆಯೇ ಇಲ್ಲವೆಂದು ಕೆಲವರು, ಎಲ್ಲವೂ ತಂದೆ ತಾಯಿಯ ಆದಾಯಕ್ಕೇ ಸೇರುತ್ತದೆಂದು ಇನ್ನು ಕೆಲವರು ಹೇಳುತ್ತಾರೆ. ಅವಳ ಮೊದಲ ಸಂಪಾದನೆಯ ಪ್ರತಿ ರೂಪಾಯಿಗೂ ನೇರವಾದ ಲೆಕ್ಕವಿರಬೇಕು ಎಂಬುದು ನನ್ನ ಆಸೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಚಿಂತಾಮಣಿಯ ವ್ಯಾಪಾರಿ

ಮೇಡಂ, ಮಗಳಿಗೆ ಅಭಿನಂದನೆಗಳು. ನನ್ನ ಅಭಿಪ್ರಾಯದಲ್ಲಿ ಎಲ್ಲವನ್ನೂ ನಿಮ್ಮ ಹೆಸರಿನಲ್ಲೇ ಮಾಡಿಬಿಡುವುದು ಸರಳ. ನಿಮ್ಮ ಬಳಿ ಪ್ಯಾನ್ ಇದೆ, ಖಾತೆ ಇದೆ, ಪ್ರತಿ ವರ್ಷ ರಿಟರ್ನ್ ಕೂಡ ಸಲ್ಲಿಸುತ್ತೀರಿ. ಸಂಸ್ಥೆಯವರೇ ಒಪ್ಪಿರುವಾಗ ಮಗುವಿನ ಹೆಸರಿನಲ್ಲಿ ಕಾಗದಪತ್ರಗಳಿಗೆ ಓಡಾಡುವ ಅಗತ್ಯ ಕಾಣುವುದಿಲ್ಲ. ಇನ್ನೆರಡು ವರ್ಷ ಕಳೆದರೆ ಅವಳೇ ನೋಡಿಕೊಳ್ಳುತ್ತಾಳೆ.

ಉತ್ತರ: ಚಿಕ್ಕಬಳ್ಳಾಪುರದ ತೆರಿಗೆ ಸಲಹೆಗಾರ

ಮೇಲಿನ ಸಲಹೆಯನ್ನು ಸದುದ್ದೇಶದಿಂದಲೇ ಕೊಟ್ಟಿದ್ದಾರೆ. ಆದರೂ ಅದನ್ನು ಅನುಸರಿಸಬೇಡಿ ಎಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಮೊದಲು ಮೂಲ ನಿಯಮವನ್ನು ನೋಡೋಣ. 1961ರ ಆದಾಯ ತೆರಿಗೆ ಕಾಯಿದೆಯ 64(1ಎ) ಕಲಮಿನಂತೆ ಅಪ್ರಾಪ್ತ ಮಗುವಿನ ಆದಾಯವು ತಂದೆ ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರುತ್ತದೆ. ಜನ ಸಾಮಾನ್ಯವಾಗಿ ಕೇಳಿರುವುದು ಇಷ್ಟನ್ನೇ. ಆದರೆ ಅದೇ ಕಲಮಿನಲ್ಲಿ ವಿನಾಯಿತಿಗಳೂ ಇವೆ. ಮಗು ತಾನೇ ಮೈಮುರಿದು ದುಡಿದ ಆದಾಯ, ಮತ್ತು ತನ್ನ ಕೌಶಲ, ಪ್ರತಿಭೆ ಅಥವಾ ವಿಶೇಷ ಜ್ಞಾನ ಮತ್ತು ಅನುಭವವನ್ನು ಬಳಸಿ ಗಳಿಸಿದ ಆದಾಯ ಪೋಷಕರಿಗೆ ಸೇರುವುದಿಲ್ಲ. ಅದು ಮಗುವಿನದೇ ಆದಾಯ. 80ಯು ಕಲಮಿನಡಿ ಬರುವ ಅಂಗವೈಕಲ್ಯವಿರುವ ಮಗುವಿನ ಆದಾಯಕ್ಕೂ ಸೇರ್ಪಡೆ ಇಲ್ಲ. ನಿಮ್ಮ ಮಗಳು ಬರೆಯುವ ಚಿತ್ರ ಕೌಶಲದ ಕೆಲಸ ಎಂಬುದರಲ್ಲಿ ಎರಡು ಮಾತಿಲ್ಲ. 1961ರ ಕಾಯಿದೆಯ ಸ್ಥಾನಕ್ಕೆ 2025ರ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಬಂದಿರುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ, ಆದರೆ ಈ ತತ್ವ ಹಾಗೆಯೇ ಮುಂದುವರಿದಿದೆ.

ಹಣದ ಲೆಕ್ಕದಲ್ಲಿ ಇದರ ಅರ್ಥವೇನು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಪ್ರಮಾಣಿತ ಕಡಿತದ ನಂತರ ಒಬ್ಬ ಶಿಕ್ಷಕಿಯ ಆದಾಯ 11 ಲಕ್ಷ ರೂಪಾಯಿ ಎಂದುಕೊಳ್ಳಿ. 2025-26ರ ಹೊಸ ಪದ್ಧತಿಯ ದರದಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಅವರಿಗೆ ತೆರಿಗೆ ಬರುವುದಿಲ್ಲ. ಮಗಳ 4 ಲಕ್ಷ ಅವರ ಹೆಸರಿಗೆ ಬಂದು ಸೇರಿದರೆ ಒಟ್ಟು 15 ಲಕ್ಷವಾಗುತ್ತದೆ, ರಿಯಾಯಿತಿ ಕೈತಪ್ಪುತ್ತದೆ, ಸೆಸ್ ಸೇರಿ 1,09,200 ರೂಪಾಯಿ ತೆರಿಗೆ ಕಟ್ಟಬೇಕಾಗುತ್ತದೆ. ಅದೇ 4 ಲಕ್ಷ ಮಗಳ ಹೆಸರಿನಲ್ಲಿದ್ದರೆ ಅವಳಿಗೆ ತನ್ನದೇ ಆದ 4 ಲಕ್ಷದ ಮೂಲ ಮಿತಿ, ಅಂದರೆ ತೆರಿಗೆಯೇ ಇಲ್ಲದ ಮೊತ್ತ ಇದೆ, ತೆರಿಗೆ ಸೊನ್ನೆ. ಇದನ್ನು ತೆರಿಗೆ ತಪ್ಪಿಸುವ ಉಪಾಯವೆಂದು ಯಾರೂ ಭಾವಿಸಬಾರದು. ದುಡಿದವರ ಆದಾಯ ದುಡಿದವರ ಹೆಸರಿನಲ್ಲಿರಬೇಕು ಎಂದು ಕಾನೂನೇ ಹೇಳುತ್ತಿದೆ.

ಹಣ ನಿಮ್ಮ ಖಾತೆಗೆ ಬಂದ ಮಾತ್ರಕ್ಕೆ ಅದು ನಿಮ್ಮ ಆದಾಯವಾಗಿಬಿಡುವುದಿಲ್ಲ, ನಿಜ. ಆದರೆ ಕರಾರು, ಇನ್‌ವಾಯ್ಸ್, ಅಮೆರಿಕದ ನಮೂನೆ, ಖಾತೆ ಎಲ್ಲವೂ ನಿಮ್ಮ ಹೆಸರಿನಲ್ಲಿದ್ದರೆ, ದುಡಿದದ್ದು ಮಗಳು ಎಂದು ಮುಂದೊಂದು ದಿನ ಯಾವ ದಾಖಲೆಯಿಂದ ತೋರಿಸುತ್ತೀರಿ? ಡಬ್ಲ್ಯು-8ಬಿಇಎನ್ ನಮೂನೆಯಲ್ಲಿ ಸಹಿ ಮಾಡುವವರು, ಈ ಆದಾಯದ ನಿಜವಾದ ಹಕ್ಕುದಾರರು ತಾವೇ ಎಂದು ಸುಳ್ಳುಸಾಕ್ಷ್ಯದ ಶಿಕ್ಷೆಗೆ ಒಳಪಟ್ಟು ಘೋಷಿಸುತ್ತಾರೆ. ನೀವು ನಿಮ್ಮ ಹೆಸರಿನಲ್ಲಿ ಆ ನಮೂನೆ ತುಂಬಿಸಿದರೆ ನಿಜವಲ್ಲದ ಘೋಷಣೆಯೊಂದಕ್ಕೆ ಸಹಿ ಮಾಡಿದಂತಾಗುತ್ತದೆ. ಇನ್ನೂ ಒಂದು ವಿಷಯ ನಿಮಗೆ ಮುಖ್ಯ: ಸರ್ಕಾರಿ ನೌಕರರು ಪೂರ್ವಾನುಮತಿ ಇಲ್ಲದೆ ಖಾಸಗಿ ಉದ್ಯೋಗ, ವ್ಯಾಪಾರ ಮಾಡುವಂತಿಲ್ಲ. ಸಂಬಳದ ಖಾತೆಗೆ ತಿಂಗಳು ತಿಂಗಳೂ ವಿದೇಶದಿಂದ ಹಣ ಬರುತ್ತಿದ್ದರೆ ಅದರ ವಿವರಣೆ ಕೊಡುವ ಹೊಣೆ ನಿಮ್ಮದೇ.

ಅಮೆರಿಕದ ತೆರಿಗೆಯ ಬಗ್ಗೆ ಆತಂಕ ಬೇಡ. ಕೆಲಸ ನಡೆಯುವುದು ಶಿಡ್ಲಘಟ್ಟದಲ್ಲಿ. ಅಮೆರಿಕದ ಹೊರಗೆ ಕುಳಿತು ಸಲ್ಲಿಸಿದ ಸೇವೆಗೆ ಬರುವ ಹಣವನ್ನು ಅಲ್ಲಿಯ ಕಾನೂನು ವಿದೇಶಿ ಮೂಲದ ಆದಾಯವೆಂದೇ ನೋಡುತ್ತದೆ, ಹಾಗಾಗಿ ಅಲ್ಲಿ ಕಡಿತವಾಗಬೇಕಿಲ್ಲ. ಆ ನಮೂನೆ ಸಂಸ್ಥೆಯ ಕಡತದಲ್ಲಿರುವ ದಾಖಲೆ ಮಾತ್ರ. ಅದನ್ನು ಮಗಳ ಹೆಸರಿನಲ್ಲಿ ತುಂಬಿಸಿ, ತೆರಿಗೆ ಗುರುತಿನ ಸಂಖ್ಯೆಯ ಜಾಗದಲ್ಲಿ ಅವಳ ಪ್ಯಾನ್ ಬರೆಯಿರಿ. ಪೋಷಕರು ಸಹಿ ಮಾಡುವ ರೀತಿಯನ್ನು ಸಂಸ್ಥೆಯ ಲೆಕ್ಕಪತ್ರ ವಿಭಾಗದಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಯೂಟ್ಯೂಬ್ ಆದಾಯದ ವಿಷಯ ಮಾತ್ರ ಬೇರೆ. ಅಲ್ಲಿ ಅಮೆರಿಕದ ವೀಕ್ಷಕರಿಂದ ಬರುವ ಪಾಲನ್ನು ರಾಯಧನ (ರಾಯಲ್ಟಿ) ಎಂದು ಪರಿಗಣಿಸಿ, ಭಾರತದೊಂದಿಗಿನ ಒಪ್ಪಂದದ ಪ್ರಕಾರ ಶೇ. 15ರಷ್ಟು ಕಡಿತ ಮಾಡುತ್ತಾರೆ. ಹಾಗೆ ಕಡಿತವಾದದ್ದಕ್ಕೆ ಇಲ್ಲಿ 67ನೇ ನಮೂನೆಯ ಮೂಲಕ ಜಮೆ ಕೇಳುವ ವ್ಯವಸ್ಥೆ 1961ರ ಕಾಯಿದೆಯ ನಿಯಮಗಳಲ್ಲಿತ್ತು.

ಈಗ ಮಾಡಬೇಕಾದ ಕೆಲಸ. ಅಪ್ರಾಪ್ತರಿಗೂ ಪ್ಯಾನ್ ಸಿಗುತ್ತದೆ, ಪೋಷಕರು ಅರ್ಜಿ ಹಾಕಬೇಕು. ಆ ಕಾರ್ಡಿನಲ್ಲಿ ಮಗುವಿನ ಭಾವಚಿತ್ರ, ಸಹಿ ಇರುವುದಿಲ್ಲ. ಹದಿನೆಂಟಾದ ಮೇಲೆ ಸೇರಿಸಿಕೊಳ್ಳಬೇಕು. ಆದಾಯ ಮೂಲ ಮಿತಿಯನ್ನು ದಾಟಿದ ವರ್ಷ, ರಿಯಾಯಿತಿಯಿಂದ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಲೇಬೇಕು. ತೆರಿಗೆ ಇಲ್ಲ ಎಂಬುದಕ್ಕೂ ರಿಟರ್ನ್ ಬೇಡ ಎಂಬುದಕ್ಕೂ ಬಹಳ ಅಂತರವಿದೆ, ನಮ್ಮ ಕಚೇರಿಗೆ ಬರುವವರಲ್ಲಿ ಅನೇಕರು ಇಲ್ಲಿಯೇ ಎಡವುತ್ತಾರೆ. ಅಪ್ರಾಪ್ತರ ಪರವಾಗಿ ಪೋಷಕರು ಪ್ರತಿನಿಧಿಯಾಗಿ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ಸಲ್ಲಿಸಬಹುದು. ತಿಂಗಳಿಗೆ 400 ಡಾಲರ್ ಎಂದರೆ ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ರೂಪಾಯಿಯ ಆಸುಪಾಸು. ಅದರಲ್ಲಿ ಕಂಪ್ಯೂಟರಿನ ಮೇಲಿನ ಶೇ. 40ರ ಸವಕಳಿ, ಇಂಟರ್ನೆಟ್, ತಂತ್ರಾಂಶದ ಚಂದಾ, ಬ್ಯಾಂಕ್ ಶುಲ್ಕ ಕಳೆಯಬಹುದು, ರಸೀದಿಗಳು ಇರಬೇಕಷ್ಟೆ. ಮಿತಿಯ ಒಳಗೇ ಉಳಿದ ವರ್ಷವೂ ರಿಟರ್ನ್ ಹಾಕುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಮುಂದೆ ಶಿಕ್ಷಣ ಸಾಲಕ್ಕೋ ವೀಸಾಕ್ಕೋ ಅದು ಅವಳ ದುಡಿಮೆಯ ದಾಖಲೆಯಾಗಿ ನಿಲ್ಲುತ್ತದೆ.

ಈ ಹಣವನ್ನು ನಿಶ್ಚಿತ ಠೇವಣಿಯಲ್ಲಿಟ್ಟರೆ ಬರುವ ಬಡ್ಡಿಗೆ ಕೌಶಲದ ವಿನಾಯಿತಿ ಅನ್ವಯಿಸುವುದಿಲ್ಲ. ಬಡ್ಡಿ ಹೆಚ್ಚು ಆದಾಯವಿರುವ ಪೋಷಕರಿಗೆ ಸೇರುತ್ತದೆ. ಪ್ರತಿ ಮಗುವಿಗೆ 1,500 ರೂಪಾಯಿಯ ಸಣ್ಣ ವಿನಾಯಿತಿ ಹಳೆಯ ಪದ್ಧತಿಯನ್ನು ಆರಿಸಿದವರಿಗೆ ಮಾತ್ರ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗಳಿಗೆ ವರ್ಷಕ್ಕೆ 20 ಲಕ್ಷವಾದ್ದರಿಂದ ಸದ್ಯಕ್ಕೆ ಆ ಚಿಂತೆ ಇಲ್ಲ.

ಉತ್ತರ: ಕೋಲಾರದ ವಕೀಲೆ

ತೆರಿಗೆಯ ಭಾಗವನ್ನು ಸಲಹೆಗಾರರು ಚೆನ್ನಾಗಿ ಹೇಳಿದ್ದಾರೆ. ಕರಾರಿನ ಭಾಗ ಇನ್ನೂ ಸೂಕ್ಷ್ಮವಾದದ್ದು.

1872ರ ಭಾರತೀಯ ಕರಾರು ಕಾಯಿದೆಯ 11ನೇ ಕಲಮಿನಂತೆ ಪ್ರಾಪ್ತ ವಯಸ್ಕರು ಮಾತ್ರ ಕರಾರು ಮಾಡಿಕೊಳ್ಳಬಲ್ಲರು. ಆ ವಯಸ್ಸು ಹದಿನೆಂಟು. ಮೊಹೋರಿ ಬೀಬಿ ವಿರುದ್ಧ ಧರ್ಮದಾಸ್ ಘೋಷ್ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ ಹೇಳಿದ ಮಾತು ಇಂದಿಗೂ ನಮ್ಮ ಕಾನೂನು: ಅಪ್ರಾಪ್ತರು ಮಾಡಿಕೊಂಡ ಕರಾರು ಮೊದಲಿನಿಂದಲೇ ಶೂನ್ಯ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಅಪ್ರಾಪ್ತರ ಕರಾರು ಊರ್ಜಿತವಾಗಿದ್ದು, ಅಪ್ರಾಪ್ತರು ಬಯಸಿದರೆ ಮಾತ್ರ ಅದನ್ನು ರದ್ದುಪಡಿಸಬಹುದು. ಆದ್ದರಿಂದ ಆ ಸಂಸ್ಥೆಯವರು ತಮ್ಮ ದೇಶದ ತಿಳಿವಳಿಕೆಯಲ್ಲಿ ಹಗುರವಾಗಿ ಮಾತನಾಡುತ್ತಿರಬಹುದು, ತಪ್ಪು ಉದ್ದೇಶ ಇರಲೇಬೇಕೆಂದಿಲ್ಲ.

ಪೋಷಕರು ಸಹಿ ಮಾಡಿದರೆ ಎಲ್ಲವೂ ಸರಿಹೋಗುತ್ತದೆಯೇ ಎಂದರೆ, ಪೂರ್ತಿಯಾಗಿ ಇಲ್ಲ. ರಾಜ್ ರಾಣಿ ವಿರುದ್ಧ ಪ್ರೇಮ್ ಅದೀಬ್ ಪ್ರಕರಣದಲ್ಲಿ ಅಪ್ರಾಪ್ತ ಮಗಳು ಚಲನಚಿತ್ರದಲ್ಲಿ ನಟಿಸುವ ಬಗ್ಗೆ ತಂದೆ ಮಾಡಿಕೊಂಡ ಕರಾರನ್ನೂ ಬಾಂಬೆ ಹೈಕೋರ್ಟ್ ಶೂನ್ಯವೆಂದಿತು. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯ 8ನೇ ಕಲಂ ಕೂಡ, ಪೋಷಕರು ಮಗುವನ್ನು ವೈಯಕ್ತಿಕ ಹೊಣೆಗೆ ಕಟ್ಟಿಹಾಕುವಂತಿಲ್ಲ ಎನ್ನುತ್ತದೆ. ಹಾಗಿದ್ದರೂ ಪೋಷಕರ ಸಹಿಗೆ ಮೂರು ಪ್ರಯೋಜನಗಳಿವೆ. ಕೆಲಸಕ್ಕೆ ನಿಮ್ಮ ಒಪ್ಪಿಗೆ ಇದೆಯೆಂದು ಅದು ತೋರಿಸುತ್ತದೆ. ಗೌಪ್ಯತೆ ಕಾಪಾಡುವುದು, ಕಡತಗಳನ್ನು ಹಿಂದಿರುಗಿಸುವುದು ಮುಂತಾದ ಕರ್ತವ್ಯಗಳನ್ನು ನೀವು ನಿಮ್ಮ ಹೆಸರಿನಲ್ಲೇ ಒಪ್ಪಿಕೊಳ್ಳಬಹುದು. ದುಡಿಮೆ ಮಗಳದು, ನಾವು ಪೋಷಕರು ಮಾತ್ರ ಎಂಬ ದಾಖಲೆಯೂ ಅದೇ ಆಗುತ್ತದೆ, ತೆರಿಗೆಯ ವಿಷಯದಲ್ಲಿ ನಿಮಗೆ ಬೇಕಾಗಿರುವುದೂ ಇದೇ.

ಅಪ್ರಾಪ್ತರ ಮೇಲೆ ಕರಾರನ್ನು ಹೇರಲಾಗದು ನಿಜ, ಆದರೆ ತಮ್ಮ ಪಾಲಿನದನ್ನು ಪೂರೈಸಿಕೊಟ್ಟ ಅಪ್ರಾಪ್ತರು ಪ್ರತಿಫಲ ಕೇಳಬಾರದೆಂದು ನಮ್ಮ ನ್ಯಾಯಾಲಯಗಳು ಹೇಳಿಲ್ಲ. ಹಾಗೆಂದು ಒಂದು ತಿಂಗಳ 400 ಡಾಲರ್‌ಗಾಗಿ ಅಮೆರಿಕದಲ್ಲಿ ದಾವೆ ಹೂಡಲು ಯಾರಿಂದಲೂ ಆಗದು. ಹಾಗಾಗಿ ನಿಮ್ಮ ನಿಜವಾದ ರಕ್ಷಣೆ ಇರುವುದು ಪಾವತಿಯ ಕ್ರಮದಲ್ಲಿ. ಮುಂಗಡ ಪಡೆಯಬೇಡಿ, ಬಾಕಿಯೂ ಬೆಳೆಯಲು ಬಿಡಬೇಡಿ. ಹದಿನೈದು ದಿನಕ್ಕೊಮ್ಮೆ ಇಷ್ಟು ಚಿತ್ರ, ಇಷ್ಟು ಹಣ ಎಂದು ಬರೆಸಿಕೊಳ್ಳಿ. ನಷ್ಟ ಭರ್ತಿಯ ಷರತ್ತು, ಅಂದರೆ ಈ ಕೆಲಸದಿಂದ ಸಂಸ್ಥೆಗೆ ನಷ್ಟವಾದರೆ ತುಂಬಿಕೊಡಬೇಕು ಎಂಬ ಮಾತು ಇದೆಯೇ ನೋಡಿ. ಅಮೆರಿಕದ ಮಾದರಿ ಕರಾರುಗಳಲ್ಲಿ ಅದು ಬಹುತೇಕ ಇದ್ದೇ ಇರುತ್ತದೆ ಮತ್ತು ಅದಕ್ಕೆ ಸಹಿ ಮಾಡಿದ ಪೋಷಕರೇ ವೈಯಕ್ತಿಕವಾಗಿ ಹೊಣೆಯಾಗುತ್ತಾರೆ. ಆ ಹೊಣೆ ಈವರೆಗೆ ಪಡೆದ ಹಣವನ್ನು ಮೀರಬಾರದು ಎಂಬ ವಾಕ್ಯ ಸೇರಿಸಲು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಯಾರು ಸಹಿ ಮಾಡಬೇಕೆಂದು ಕೇಳಿದ್ದೀರಿ. 1956ರ ಕಾಯಿದೆಯ ಮಾತಿನಲ್ಲಿ ಮೊದಲು ತಂದೆ, ಅವರ ನಂತರ ತಾಯಿ. ಆದರೆ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಈ ನಿಯಮವನ್ನು ವಿಶಾಲವಾಗಿ ಓದಿ, ತಂದೆ ಬದುಕಿರುವಾಗಲೂ ಅವರು ಮಗುವಿನ ಹೊಣೆ ನೋಡದಿರುವ ಸಂದರ್ಭಗಳಲ್ಲಿ ತಾಯಿ ಸಹಜ ಪೋಷಕಿಯಾಗಬಹುದು ಎಂದಿತು. ನಿಮ್ಮ ಮನೆಯಲ್ಲಿ ಇಬ್ಬರೂ ಇರುವುದರಿಂದ ಇಬ್ಬರೂ ಸಹಿ ಮಾಡಿದರೆ ಮುಂದೆ ಯಾರೂ ಪ್ರಶ್ನಿಸಲಾರರು.

ಕೆಲಸದ ವಯಸ್ಸಿನ ವಿಷಯ. ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕಗಳಲ್ಲಿ ಮಕ್ಕಳು ದುಡಿಯುತ್ತಿದ್ದ ಕಾಲವನ್ನು ಕಂಡ ಊರು ನಿಮ್ಮದು, ಈ ಕಾನೂನು ಏಕೆ ಬಂತೆಂದು ನಾನು ವಿವರಿಸಬೇಕಾಗಿಲ್ಲ. 1986ರ ಬಾಲ ಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ ಹದಿನಾಲ್ಕರ ಒಳಗಿನವರನ್ನು ಯಾವ ಉದ್ಯೋಗಕ್ಕೂ ನೇಮಿಸುವಂತಿಲ್ಲ, ಕುಟುಂಬದ ಉದ್ಯಮದಲ್ಲಿ ಶಾಲೆಯ ನಂತರ ನೆರವಾಗುವುದು ಮತ್ತು ಕಲಾವಿದರಾಗಿ ಪಾಲ್ಗೊಳ್ಳುವುದು ಇವೆರಡಕ್ಕೆ ಷರತ್ತುಬದ್ಧ ವಿನಾಯಿತಿ ಇದೆ. ಹದಿನಾಲ್ಕರಿಂದ ಹದಿನೆಂಟರವರೆಗಿನ ಕಿಶೋರರಿಗೆ ಅಪಾಯಕಾರಿ ಕೆಲಸಗಳು ಮಾತ್ರ ನಿಷಿದ್ಧ. ಚಿತ್ರ ಬರೆಯುವುದಕ್ಕೆ ಅಡ್ಡಿಯಿಲ್ಲ. ಕಿಶೋರರನ್ನು ದುಡಿಸುವ ಸಂಸ್ಥೆಗಳಿಗೆ ಅದೇ ಕಾಯಿದೆ ಹಾಕಿರುವ ಮಿತಿಗಳು ಹೀಗಿವೆ: ದಿನಕ್ಕೆ ವಿರಾಮವೂ ಸೇರಿ ಆರು ಗಂಟೆ, ಸತತವಾಗಿ ಮೂರು ಗಂಟೆಗಿಂತ ಹೆಚ್ಚಿಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ. ಮನೆಯಲ್ಲಿ ಕುಳಿತು ಸ್ವತಂತ್ರವಾಗಿ ಮಾಡುವ ಕೆಲಸಕ್ಕೆ, ಇಲ್ಲಿ ಕಚೇರಿಯೇ ಇಲ್ಲದ ಸಂಸ್ಥೆಯ ಮೇಲೆ ಈ ನಿಯಮವನ್ನು ಜಾರಿ ಮಾಡುವವರು ಯಾರೂ ಇಲ್ಲ. ಆದ್ದರಿಂದ ಜಾರಿ ಮಾಡಬೇಕಾದವರು ನೀವೇ. ಕಾಯಿದೆಯ ಗಂಟೆಗಳನ್ನು ಮನೆಯ ನಿಯಮವಾಗಿ ಇಟ್ಟುಕೊಳ್ಳಿ, ಅದನ್ನು ಕರಾರಿನಲ್ಲೂ ಬರೆಸಿ.

ಪ್ರಶ್ನೆ ಕೇಳಿದವರು: ಶಿಡ್ಲಘಟ್ಟದ ಶಿಕ್ಷಕಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ಸಮಯ ಕೊಟ್ಟು ಬರೆದಿದ್ದೀರಿ. ಸಮಯದ ಮಾತು ಬಂದದ್ದರಿಂದ ಕೇಳುತ್ತೇನೆ: ವಾರಕ್ಕೊಮ್ಮೆ ವಿಡಿಯೊ ಸಭೆ ಇದೆಯಂತೆ, ಅವರ ಬೆಳಿಗ್ಗೆ 9 ಗಂಟೆ ನಮಗೆ ರಾತ್ರಿ ಒಂಬತ್ತೂವರೆ ಆಗುತ್ತದೆ. ಇನ್ನೊಂದು, ಬ್ಯಾಂಕಿನ ಮೂಲಕ ತಡವಾಗುವುದಾದರೆ ಯುಎಸ್‌ಡಿಟಿ ಎಂಬ ಕ್ರಿಪ್ಟೊ ನಾಣ್ಯದಲ್ಲಿ ಅದೇ ದಿನ ಕೊಡುತ್ತೇವೆ ಎಂದಿದ್ದಾರೆ. ಚಿತ್ರಗಳ ಹಕ್ಕಿನ ಬಗ್ಗೆ ಕರಾರಿನಲ್ಲಿ ಎರಡು ಪುಟ ಇದೆ. ಕರಾರಿನ ಅವಧಿಯಲ್ಲಿ ಅವಳು ರಚಿಸಿದ ಎಲ್ಲವೂ ಸಂಸ್ಥೆಯದೇ ಎಂಬ ವಾಕ್ಯ ನನಗೆ ಸರಿಕಾಣಲಿಲ್ಲ.

ಉತ್ತರ: ಗೌರಿಬಿದನೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ

ನಮಸ್ಕಾರ ಮೇಡಂ. ನನಗೆ ಈಗ ಇಪ್ಪತ್ತು ವರ್ಷ. ಪಿಯುಸಿಯಲ್ಲಿದ್ದಾಗಲೇ ಹೊರದೇಶದವರಿಗೆ ವೆಬ್‌ಸೈಟ್ ಮಾಡಿಕೊಡಲು ಆರಂಭಿಸಿದವನು, ಆ ಕಾರಣಕ್ಕೆ ಬ್ಯಾಂಕು ಮತ್ತು ಪಾವತಿಯ ವಿಷಯದಲ್ಲಿ ತಿಳಿದದ್ದನ್ನು ಬರೆಯುತ್ತೇನೆ.

ವಯಸ್ಸನ್ನು ಎಲ್ಲಿಯೂ ಹೆಚ್ಚಿಸಿ ತೋರಿಸಬೇಡಿ ಎಂದು ತಂಗಿಗೆ ಹೇಳಿ. ಹಣ ಪಾವತಿಯ ಪೇಪಾಲ್, ಬಿಡಿ ಕೆಲಸ ಸಿಗುವ ತಾಣ ಅಪ್‌ವರ್ಕ್, ಜಾಹೀರಾತಿನ ಹಣ ಕೊಡುವ ಗೂಗಲ್ ಆಡ್‌ಸೆನ್ಸ್ ಎಲ್ಲಕ್ಕೂ ಹದಿನೆಂಟು ಬೇಕು. ಅಪ್‌ವರ್ಕ್ ತರಹದ್ದೇ ಆದ ಫೈವರ್‌ನಲ್ಲಿ ಹದಿಮೂರು ದಾಟಿದವರು ಪೋಷಕರ ಹೆಸರಿನ ಖಾತೆಯ ಮೂಲಕ ಕೆಲಸ ಮಾಡಬಹುದು. ಹುಟ್ಟಿದ ವರ್ಷ ತಿದ್ದಿ ಖಾತೆ ತೆರೆದವರಿಗೆ ಹಣ ತೆಗೆಯುವ ಹೊತ್ತಿಗೆ ಗುರುತಿನ ಚೀಟಿ ಕೇಳುತ್ತಾರೆ. ಆಧಾರ್‌ನಲ್ಲಿ ಇರುವ ದಿನಾಂಕ ಹೊಂದದಿದ್ದರೆ ಖಾತೆ ಮುಚ್ಚುತ್ತದೆ, ಅದರೊಳಗಿನ ಹಣವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಿಮ್ಮದು ಸಂಸ್ಥೆಯೊಂದಿಗೆ ನೇರ ವ್ಯವಹಾರವಾದ್ದರಿಂದ ಬ್ಯಾಂಕಿನಿಂದ ಬ್ಯಾಂಕಿಗೆ ತರಿಸಿಕೊಳ್ಳುವುದೇ ಉತ್ತಮ.

ರಿಸರ್ವ್ ಬ್ಯಾಂಕಿನ 2025ರ ಏಪ್ರಿಲ್ ಸುತ್ತೋಲೆಯಂತೆ ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕ್ ನಿಗದಿಪಡಿಸಿದ ಮಿತಿಯೊಳಗೆ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು. ಆದರೆ ಅಂಥ ಖಾತೆಗೆ ವಿದೇಶದಿಂದ ಹಣ ಪಡೆಯಲು ಪ್ರತಿಯೊಂದು ಬ್ಯಾಂಕಿನ ನಿಯಮ ಬೇರೆ. ಖಾತೆ ತೆರೆಯುವ ಮೊದಲೇ ಶಾಖಾ ವ್ಯವಸ್ಥಾಪಕರನ್ನು ಕಂಡು, ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ಮೂಲಕ ತಿಂಗಳಿಗೆ ಇಷ್ಟು ಡಾಲರ್ ಬರುತ್ತದೆ ಎಂದು ಹೇಳಿ ಕೇಳಿ. ಒಂದು ಶಾಖೆಯಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ವಿಚಾರಿಸಿ.

ಹಣ ಬಂದಾಗ ಬ್ಯಾಂಕಿನವರು ಉದ್ದೇಶದ ಸಂಕೇತ ಕೇಳುತ್ತಾರೆ, ಪರ್ಪಸ್ ಕೋಡ್ ಎಂದೇ ಅಲ್ಲಿ ಹೇಳುವುದು. ತಂತ್ರಾಂಶ ಸಲಹೆ ಮತ್ತು ಅನುಷ್ಠಾನಕ್ಕೆ ಪಿ0802. ಚಿತ್ರದ ಕೆಲಸಕ್ಕೆ ಯಾವುದು ಹೊಂದುತ್ತದೆಯೆಂದು ಇನ್‌ವಾಯ್ಸ್ ತೋರಿಸಿ ಕೇಳಿ. ಸುಲಭವೆಂದು ಕುಟುಂಬ ನಿರ್ವಹಣೆಯ ಪಿ1301 ಹಾಕಿಸುವವರಿದ್ದಾರೆ. ಅದು ವಿದೇಶದಲ್ಲಿರುವ ಭಾರತೀಯರು ಮನೆಯವರಿಗೆ ಕಳುಹಿಸುವ ಹಣಕ್ಕೆ ಇರುವುದು, ದುಡಿಮೆಯ ಹಣವನ್ನು ಹಾಗೆ ತೋರಿಸಿದರೆ ಬ್ಯಾಂಕಿನ ದಾಖಲೆ ಒಂದು, ರಿಟರ್ನ್ ಇನ್ನೊಂದು ಆಗುತ್ತದೆ. ಪ್ರತಿ ಪಾವತಿಗೂ ಎಫ್‌ಐಆರ್‌ಸಿ ಅಥವಾ ಎಫ್‌ಐಆರ್‌ಎ ಎಂಬ, ವಿದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಪತ್ರ ಕೇಳಿ ಪಡೆಯಿರಿ. ಸಂಖ್ಯೆ ಹಾಕಿದ ಇನ್‌ವಾಯ್ಸ್, ಆ ಪತ್ರ, ಕಳುಹಿಸಿದ ಚಿತ್ರಗಳ ಪಟ್ಟಿ, ಮೂರನ್ನೂ ತಿಂಗಳುವಾರು ಒಂದೇ ಕಡತದಲ್ಲಿ ಇಡಿ. ಮೊದಲ ತಿಂಗಳಿನಿಂದಲೇ ಇಟ್ಟರೆ ಕಷ್ಟವಿಲ್ಲ.

ಈ ಸಂಸ್ಥೆ ನಿಜವಾದದ್ದೇ ಎಂಬುದನ್ನೂ ಪರೀಕ್ಷಿಸಿ. ಅವರು ಬಿಡುಗಡೆ ಮಾಡಿದ ಆಟಗಳು ಆಪ್ ಸ್ಟೋರ್‌ನಲ್ಲಿ ಅದೇ ಹೆಸರಿನಲ್ಲಿವೆಯೇ, ಇಮೇಲ್ ಸಂಸ್ಥೆಯ ಸ್ವಂತ ವಿಳಾಸದಿಂದ ಬರುತ್ತಿದೆಯೇ ನೋಡಿ. ಕೆಲಸ ಕೊಡುವ ಮೊದಲು ನೋಂದಣಿ ಶುಲ್ಕ ಕೇಳುವವರು, ನಿಮ್ಮ ಖಾತೆಗೆ ಬೇರೆಯವರ ಹಣ ಬರುತ್ತದೆ ಅದನ್ನು ಮುಂದಕ್ಕೆ ಕಳುಹಿಸಿದರೆ ಕಮಿಷನ್ ಎನ್ನುವವರು, ಇಬ್ಬರೂ ವಂಚಕರು. ಎರಡನೆಯದಕ್ಕೆ ಕಾಲೇಜು ಹುಡುಗರ ಖಾತೆಗಳನ್ನೇ ಹುಡುಕುತ್ತಾರೆ, ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೇ. ಸೈಬರ್ ವಂಚನೆಗೆ ಸಹಾಯವಾಣಿ 1930.

ಉತ್ತರ: ಕೋಲಾರದ ವಕೀಲೆ

ರಾತ್ರಿ ಒಂಬತ್ತೂವರೆಯ ಸಭೆಗೆ ಒಪ್ಪಬೇಡಿ. ಚಿತ್ರ ಬರೆಯುವವರಿಗೆ ವಾರದ ಸಭೆ ಅನಿವಾರ್ಯವಲ್ಲ, ಬರಹದಲ್ಲಿ ಸೂಚನೆ ಕಳುಹಿಸಿ ಎಂದು ಕೇಳಿ. ಅಪರೂಪಕ್ಕೆ ಮಾತನಾಡಲೇಬೇಕಾದರೆ ನಮ್ಮ ಬೆಳಗಿನ ಹೊತ್ತಿನಲ್ಲಿ, ಅವರ ಸಂಜೆಯಲ್ಲಿ ಆಗಲಿ, ನೀವಿಬ್ಬರಲ್ಲಿ ಒಬ್ಬರು ಪಕ್ಕದಲ್ಲಿರಿ.

ಹಕ್ಕಿನ ಬಗ್ಗೆ ನಿಮ್ಮ ಅನುಮಾನ ಸರಿಯಾದದ್ದು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ರಚಿಸಿದವರೇ ಮೊದಲ ಹಕ್ಕುದಾರರು ಎಂಬುದು ಸಾಮಾನ್ಯ ನಿಯಮ, ಅದಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಆದರೆ ಹಣ ಕೊಟ್ಟು ಬರೆಸಿದ ಚಿತ್ರದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರಾಗುವ ಸಂದರ್ಭವನ್ನೂ 17ನೇ ಕಲಂ ಹೇಳುತ್ತದೆ. ಆದ್ದರಿಂದ ಈ ವಿಷಯವನ್ನು ಮೌನಕ್ಕೆ ಬಿಡಬಾರದು. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಕಲಂ ತಿಳಿಸುತ್ತದೆ.

ನೀವು ಕೇಳಬೇಕಾದ ಬದಲಾವಣೆ ಸರಳವಾಗಿದೆ: ಸಂಸ್ಥೆ ಕೇಳಿ, ಮಗಳು ಬರೆದುಕೊಟ್ಟು, ಹಣ ಪಾವತಿಯಾದ ಚಿತ್ರಗಳ ಹಕ್ಕು ಮಾತ್ರ ಸಂಸ್ಥೆಗೆ. ಕಾಲೇಜಿನ ಕೆಲಸ, ತನಗಾಗಿ ಬರೆದದ್ದು, ತಿರಸ್ಕೃತವಾದ ಕರಡುಗಳು ಅವಳದೇ. ಆಟ ಬಿಡುಗಡೆಯಾದ ನಂತರ ತಾನು ಬರೆದ ಚಿತ್ರಗಳನ್ನು ತನ್ನ ಹೆಸರಿನಲ್ಲಿ ಪ್ರದರ್ಶಿಸಲು ಅನುಮತಿ ಬೇಕು. ನಾಳೆ ಯಾವುದಾದರೂ ವಿನ್ಯಾಸ ಕಾಲೇಜಿಗೆ ಅರ್ಜಿ ಹಾಕುವಾಗ ಆ ಚಿತ್ರಗಳು 400 ಡಾಲರ್‌ಗಿಂತ ಹೆಚ್ಚು ಬೆಲೆಬಾಳಬಹುದು. ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಕಲಂ ರಚನೆಕಾರರಲ್ಲೇ ಉಳಿಸಿದೆ. ಅಪ್ರಾಪ್ತಳೊಬ್ಬಳ ಸಹಿಯಿಂದಷ್ಟೇ ಪಡೆದ ಹಕ್ಕು ನಿಲ್ಲಲಾರದು ಎಂಬ ಚಿಂತೆ ಸಂಸ್ಥೆಗೂ ಇರಬೇಕಾದ್ದೇ, ಹಾಗಾಗಿ ಪೋಷಕರ ಸಹಿಯೊಂದಿಗೆ ಬರುವ ಸ್ಪಷ್ಟ ಷರತ್ತುಗಳನ್ನು ಅವರು ಒಪ್ಪುವ ಸಾಧ್ಯತೆ ಹೆಚ್ಚು.

ಉತ್ತರ: ಚಿಕ್ಕಬಳ್ಳಾಪುರದ ತೆರಿಗೆ ಸಲಹೆಗಾರ

ಕ್ರಿಪ್ಟೊ ಬೇಡವೇ ಬೇಡ. ಕೈಗೆ ಬಂದ ದಿನದ ಮೌಲ್ಯ ದುಡಿಮೆಯ ಆದಾಯವಾಗುತ್ತದೆ, ಆಮೇಲೆ ಅದನ್ನು ಮಾರಿದಾಗ ಬರುವ ಲಾಭಕ್ಕೆ ಶೇ. 30ರ ಪ್ರತ್ಯೇಕ ತೆರಿಗೆ, ಮಾರಾಟದ ಮೇಲೆ ಶೇ. 1ರ ಮೂಲದಲ್ಲೇ ತೆರಿಗೆ ಕಡಿತದ (ಟಿಡಿಎಸ್) ನಿಯಮ. ಅದಕ್ಕಿಂತ ಮುಖ್ಯವಾಗಿ, ವಿದೇಶದಿಂದ ಸೇವೆಯ ಹಣ ಬ್ಯಾಂಕಿನ ಮೂಲಕ ಬಂತು ಎಂಬ ಪತ್ರವೇ ನಿಮಗೆ ಸಿಗುವುದಿಲ್ಲ. ಎರಡು ಮೂರು ದಿನ ತಡವಾದರೂ ಬ್ಯಾಂಕಿನಿಂದಲೇ ಬರಲಿ.

ಮಗಳ ಖಾತೆಗೆ ವಿದೇಶಿ ಹಣ ಪಡೆಯಲು ಯಾವ ಬ್ಯಾಂಕೂ ಒಪ್ಪದಿದ್ದರೆ, ತಂದೆಯ ಹೆಸರಿನಲ್ಲಿ ಇದಕ್ಕೆಂದೇ ಹೊಸ ಉಳಿತಾಯ ಖಾತೆ ತೆರೆಯಿರಿ. ಮಗಳ ಪರವಾಗಿ ಪೋಷಕರಾಗಿ ಹಣ ಸ್ವೀಕರಿಸುತ್ತಾರೆಂದು ಕರಾರಿನಲ್ಲಿ ಬರೆಸಿ, ಬಂದ ಹಣವನ್ನು ಪ್ರತಿ ತಿಂಗಳೂ ಮಗಳ ಖಾತೆಗೆ ವರ್ಗಾಯಿಸಿ. ನಿಮ್ಮ ಸಂಬಳದ ಖಾತೆ ಇದರ ಹತ್ತಿರ ಸುಳಿಯುವುದೇ ಬೇಡ. ನೀವು ವರ್ಷಕ್ಕೊಮ್ಮೆ ಆಸ್ತಿ ಮತ್ತು ಹೊಣೆಗಾರಿಕೆ ಪಟ್ಟಿ ಸಲ್ಲಿಸುವವರು. ಮಗಳ ಈ ಕೆಲಸದ ಬಗ್ಗೆ ಮುಖ್ಯ ಶಿಕ್ಷಕರ ಮೂಲಕ ಇಲಾಖೆಗೆ ಒಂದು ಪತ್ರ ಬರೆದು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಯಜಮಾನರ ತೋಟದ ಕೃಷಿ ಆದಾಯಕ್ಕೂ ಮಗಳ ಲೆಕ್ಕಕ್ಕೂ ಸಂಬಂಧವಿಲ್ಲ, ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಚಿಂತಾಮಣಿಯ ವ್ಯಾಪಾರಿ

ನನಗೂ ಹೊಸ ವಿಷಯಗಳು ತಿಳಿದವು, ನನ್ನ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ನನ್ನ ತಮ್ಮನ ಮಗನಿಗೆ ಹದಿಮೂರು. ಯಾವುದೋ ಸಂಸ್ಥೆಯವರು ಆಟಗಳನ್ನು ಆಡಿ ದೋಷ ಹುಡುಕಿಕೊಟ್ಟರೆ ಗಂಟೆಗೆ ಇಷ್ಟು ಎಂದು ಕರೆದಿದ್ದಾರೆ. ಅದು ಆಗುತ್ತದೆಯೇ?

ಉತ್ತರ: ಕೋಲಾರದ ವಕೀಲೆ

ಆಗುವುದಿಲ್ಲ ಸರ್. ಗಂಟೆಗೆ ಇಷ್ಟು ಎಂದು ಇನ್ನೊಬ್ಬರಿಗಾಗಿ ದುಡಿಯುವುದು ಹದಿನಾಲ್ಕರ ಒಳಗೆ ಬೇಡ. ಅವನೇ ಒಂದು ಆಟ ಮಾಡಲಿ, ಚಿತ್ರ ಬರೆಯಲಿ, ಕಲಿಯಲಿ.

ಪ್ರಶ್ನೆ ಕೇಳಿದವರು: ಶಿಡ್ಲಘಟ್ಟದ ಶಿಕ್ಷಕಿ

ಮಗಳ ಪ್ಯಾನ್‌ಗೆ ಅರ್ಜಿ ಹಾಕಿದ್ದೇವೆ. ವಕೀಲರು ಹೇಳಿದ ಬದಲಾವಣೆಗಳನ್ನು ಮಗಳೇ ಇಂಗ್ಲಿಷಿನಲ್ಲಿ ಬರೆದು ಸಂಸ್ಥೆಗೆ ಕಳುಹಿಸಿದಳು. ಸಭೆ, ಹಕ್ಕು ಮತ್ತು ಹದಿನೈದು ದಿನದ ಪಾವತಿಗೆ ಒಪ್ಪಿದ್ದಾರೆ, ನಷ್ಟ ಭರ್ತಿಯ ಮಿತಿಯ ಬಗ್ಗೆ ಅವರ ವಕೀಲರನ್ನು ಕೇಳಿ ಹೇಳುತ್ತಾರಂತೆ. ಅದು ಬರೆಹದಲ್ಲಿ ಬರುವವರೆಗೆ ಸಹಿ ಮಾಡುವುದಿಲ್ಲ. ಹದಿನೆಂಟು ತುಂಬಿದ ದಿನ ಏನೇನು ಬದಲಾಗುತ್ತದೆ ಎಂಬುದೊಂದು ಉಳಿದಿದೆ.

ಉತ್ತರ: ಚಿಕ್ಕಬಳ್ಳಾಪುರದ ತೆರಿಗೆ ಸಲಹೆಗಾರ

ಅಂದಿನಿಂದ ಅವಳ ಠೇವಣಿಯ ಬಡ್ಡಿಯೂ ಅವಳದೇ ಆದಾಯ, ಸೇರ್ಪಡೆಯ ನಿಯಮ ಅಲ್ಲಿಗೆ ಮುಗಿಯುತ್ತದೆ. ಪ್ಯಾನ್‌ಗೆ ಭಾವಚಿತ್ರ, ಸಹಿ ಸೇರಿಸಬೇಕು. ಬ್ಯಾಂಕಿನಲ್ಲಿ ಹೊಸ ಸಹಿ ಮತ್ತು ಕೆವೈಸಿ ಕೊಡಬೇಕು. ಅಮೆರಿಕದ ನಮೂನೆಯನ್ನು ಅವಳೇ ಸಹಿ ಮಾಡಿ ಹೊಸದಾಗಿ ಕಳುಹಿಸಲಿ, ರಿಟರ್ನ್ ಕೂಡ ಮುಂದೆ ಅವಳೇ ಸಲ್ಲಿಸುತ್ತಾಳೆ. ಅಪ್ರಾಪ್ತರಿದ್ದಾಗಿನ ಕರಾರನ್ನು ನಂತರ ಅನುಮೋದಿಸಿ ಊರ್ಜಿತಗೊಳಿಸಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ವಕೀಲರೂ ಹೇಳುತ್ತಾರೆ. ಆದ್ದರಿಂದ ಹಳೆಯದಕ್ಕೆ ಮತ್ತೊಮ್ಮೆ ಸಹಿ ಹಾಕುವ ಬದಲು, ಅವಳ ಹೆಸರಿನಲ್ಲಿ, ಆಗಿನ ದರಕ್ಕೆ, ಹೊಸ ಕರಾರನ್ನೇ ಮಾಡಿಸಿ.